ಕುಲಕ್ಕೆ ಅಂಟದ ಕಾಯಿಲೆ

ತಂಗವೇಲು: ಅಕ್ಕನ ಸಮಾಚಾರ ಬಾಯಿ ಬಿಡ್‌ಬ್ಯಾಡ. ಈ ಪೊಣ್ಣು ಎಷ್ಟು ಕೆದಕಿದ್ರೂ ಗೊತ್ತಿಲ್ಲ ಅನ್ನು.

ಕಲೈಸೆಲ್ವಿ: ಹೆತ್ತವ್ವ ಹೆಂಗೆ ಸತ್ತಳು ಅಂತ ನನಗೇ ಗೊತ್ತಿಲ್ಲ ಅನ್ಲಾ ಮಾಮ? ಕೇಳ್ದವರು ಉಗಿಯಲ್ವಾ?

ತಂಗವೇಲು: ವಯಸಾಗಿ ಸತ್ತಳು ಅನ್ನು.

ಕಲೈಸೆಲ್ವಿ: ನಲವತ್ತೊಂದಕ್ಕಾ?

ತಂಗವೇಲು: ಆ ಕಾಲದಲ್ಲಿ ಅದು ವಯಸೇ ತಾನೆ!

ಈ ಮಾತೆಲ್ಲ ನಡೆಯುತ್ತಿದ್ದುದು ಕೊಯಮತ್ತೂರಿನ ಒಂದು ದೊಡ್ಡ ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ, ಮೇಜಿನಾಚೆ ಕೂತ ಹುಡುಗಿಯ ಮೂಗಿನ ಕೆಳಗೇ, ಸಂತೆಯಲ್ಲಿ ಕೂಗುವಷ್ಟು ಗಟ್ಟಿ ದನಿಯಲ್ಲಿ. ತಂಗವೇಲುವಿಗೆ ಅಂಜಿಕೆಯೇ ಇರಲಿಲ್ಲ. ಪಲ್ಲಡದಲ್ಲಿ ಮಗ್ಗ ಹಾಕಿಕೊಂಡಿರುವ ಅವನ ಮನೆತನಕ್ಕೆ ಕನ್ನಡವೆಂದರೆ ಯಾರೂ ಒಡೆಯಲಾಗದ ಪೆಟ್ಟಿಗೆ. ನೂಲಿನ ವ್ಯಾಪಾರಿಯ ಎದುರಲ್ಲೇ ಅವನ ನೂಲನ್ನು ಬೈಯುವುದಕ್ಕೆ, ಬೀಗರ ಮನೆಯ ಸಾಂಬಾರು ಕುಡಿಯುತ್ತಲೇ ಅದು ಹಳಸಿದೆ ಎಂದು ಹೇಳಿಕೊಳ್ಳುವುದಕ್ಕೆ ಎಷ್ಟೋ ತಲೆಮಾರಿನಿಂದ ಅದೇ ಭಾಷೆ. ಒಮ್ಮೆಯೂ ಕೈಕೊಟ್ಟದ್ದಿಲ್ಲ. ಅಕ್ಕನ ಮಗಳೇ ಆದ ಹೆಂಡತಿಗೆ ಪಾಠ ಹೇಳಿಕೊಟ್ಟ ಮೇಲೆ ಅವನು ಹುಡುಗಿಯ ಕಡೆ ತಿರುಗಿ, ಮುಖದಲ್ಲಿ ಬೆಣ್ಣೆ ಸವರಿದಂಥ ನಗು ತಂದುಕೊಂಡು, ತನ್ನ ಕುಟುಂಬದಲ್ಲಿ ಯಾರಿಗೂ ಯಾವ ಕಾಯಿಲೆಯೂ ಇಲ್ಲವೆಂದು ಚೊಕ್ಕ ತಮಿಳಿನಲ್ಲಿ ಹೇಳಿದ.

ಅಪೂರ್ವ: ಅಕ್ಕನಿಗೆ ನಲವತ್ತೊಂದು ಅಂದಿರಲ್ಲ ಸಾರ್, ಅದು ತೀರಿಕೊಂಡ ವಯಸ್ಸೋ, ಕಾಯಿಲೆ ಗೊತ್ತಾದ ವಯಸ್ಸೋ?

ಮೂರನೆಯ ಪದಕ್ಕೆ ತಂಗವೇಲುವಿನ ನಗು ಮುಖದ ಮೇಲೇ ಒಣಗಿತು.

ತಂಗವೇಲು: ನೀವು... ಕನ್ನಡಮಾ?

ಅಪೂರ್ವ: ತಿಪಟೂರು ಸಾರ್. ಇಲ್ಲಿ ಕೆಲಸಕ್ಕೆ ಬಂದು ಎರಡು ವರ್ಷ ಆಯ್ತು.

ತಂಗವೇಲು: ಮುಂಚೆಯೇ ಒಂದು ಮಾತು ಹೇಳೋದಲ್ವಾ ಅಮ್ಮಣಿ? ಗೊತ್ತಿದ್ದೂ ಗೊತ್ತಿಲ್ಲದ ಹಂಗೆ ಕೂತ್ಕೊಂಡು ಕೇಳೋದು ಮೋಸ ಅಲ್ವಾ?

ಕಲೈಸೆಲ್ವಿ ಸೆರಗು ಬಾಯಿಗೆ ಒತ್ತಿಕೊಂಡಳು. ಈ ಆಸ್ಪತ್ರೆಯಲ್ಲಿ ಅವಳಿಗೆ ನಗು ಬಂದದ್ದು ಇದೇ ಮೊದಲು. ಹೋದ ವರ್ಷ, ಅವ್ವನನ್ನು ಕೊಂದ ಅದೇ ಎದೆಯ ಕ್ಯಾನ್ಸರಿಗಾಗಿ, ಇಲ್ಲಿಯೇ ಅವಳ ಎಡಗಡೆಯ ಎದೆಯನ್ನು ತೆಗೆದಿದ್ದರು. ಆಮೇಲೆ ರಕ್ತ ಪರೀಕ್ಷೆ ಮಾಡಿದಾಗ, ಹುಟ್ಟಿನಿಂದಲೇ ಬಂದ ಒಂದು ಜೀನ್ ಕೆಟ್ಟಿರುವುದು ಗೊತ್ತಾಯಿತು. ಅದು ಕೆಟ್ಟಿದ್ದರೆ ಎದೆಯ ಕ್ಯಾನ್ಸರು, ಅಂಡಾಶಯದ ಕ್ಯಾನ್ಸರು ಬರುವ ಸಾಧ್ಯತೆ ಬೇರೆಯವರಿಗಿಂತ ಎಷ್ಟೋ ಪಾಲು ಹೆಚ್ಚಂತೆ. ಮಕ್ಕಳಿಗೆ ಬಂದಿರುವ ಸಂಭವ ಅರ್ಧಕ್ಕರ್ಧ. ಅಂಥ ಮನೆಗಳವರನ್ನು ಕೂರಿಸಿಕೊಂಡು ತಿಳಿಸಿ ಹೇಳುವುದು ಅಪೂರ್ವಳ ಕೆಲಸ.

ಕಲೈಸೆಲ್ವಿಗೆ ಬೇಕಾದದ್ದು ಒಂದೇ: ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿರುವ ಇಪ್ಪತ್ತಾರರ ಮಗಳು ನಿತ್ಯಾ ಬೇಗ ರಕ್ತ ಕೊಟ್ಟು ನೋಡಿಸಿಕೊಳ್ಳಬೇಕು. ಬಂದಿದ್ದರೆ ಈಗಿನಿಂದಲೇ ಕಣ್ಣಿಡಬಹುದು. ತನಗಾದದ್ದು ಮಗಳಿಗೆ ಆಗಬಾರದು. ನಿತ್ಯಾ ತಯಾರಾಗಿದ್ದಳು. ಅಪ್ಪ ಮಾತ್ರ, ಶುಕ್ರವಾರ ಮಗಳ ಮದುವೆ ನಿಶ್ಚಯದ ತಾಂಬೂಲ ಬದಲಾಯಿಸುವ ಮುಂಚೆ ಸೂಜಿ ಮುಟ್ಟಿದರೆ ತಾನು ಆ ಶಾಸ್ತ್ರಕ್ಕೇ ಕೂರುವುದಿಲ್ಲ ಎಂದು ಹಟ ಹಿಡಿದಿದ್ದ. ಅಪ್ಪನನ್ನು ಒಪ್ಪಿಸಿಕೊಂಡು ಬಾ ಎಂದು ಮಗಳು ಅವ್ವನ ತಲೆಗೆ ಕಟ್ಟಿದ್ದಳು.

ಅಪೂರ್ವ: (ವಂಶದ ನಕ್ಷೆ ಬರೆಯುವ ಕಾಗದದ ಮೇಲೆ ಒಂದು ಸೊನ್ನೆ ಬರೆದು, ಅದರ ಒಳಗೆ ಕಪ್ಪು ತುಂಬುತ್ತ) ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ, ಕಾಯಿಲೆ ಬಂದವರಿಗೆ ಕಪ್ಪು. ಇದು ನಿಮ್ಮ ಅಕ್ಕ. ಅವರ ಮಗಳು ಇವರು. ಇದಕ್ಕೂ ಕಪ್ಪು.

ತಂಗವೇಲು: ಅಕ್ಕನ್ನ ಯಾಕೆ ನಮ್ಮ ಸಾಲಿನಲ್ಲಿ ಬರೀತೀರಿ? ಅಳಿಸಿ. ಅವಳು ನಮ್ಮ ಕುಲ ಅಲ್ಲ.

ಅಪೂರ್ವ: ನಿಮ್ಮ ಒಡಹುಟ್ಟಿದವರಲ್ವಾ ಸಾರ್?

ತಂಗವೇಲು: ಹುಟ್ಟಿದ್ದು ನಮ್ಮ ಮನೇಲಿ. ತಾಳಿ ಬಿದ್ದ ದಿನವೇ ಬಾವನ ಕುಲ ಸೇರಿದಳು. ಕಾಯಿಲೆ ಬಂದಿದ್ದು ಕಲ್ಯಾಣ ಆದ ಮೇಲೆ. ಅಂದ್ರೆ ಕಾಯಿಲೆ ಬಾವನ ಕುಲದ್ದು.

ಅಪೂರ್ವ: ಸರಿ, ಇವರು?

ತಂಗವೇಲು: ಇವಳು ಬಾವನ ಕುಲದಲ್ಲಿ ಹುಟ್ಟಿದಳು. ಅಲ್ಲಿಂದ ತಗೊಂಡು ಬಂದಳು.

ಕಲೈಸೆಲ್ವಿ: ನನಗೆ ಬಂದಿದ್ದು ಹೋದ ವರ್ಷ. ನೀವು ತಾಳಿ ಕಟ್ಟಿ ಇಪ್ಪತ್ತೆಂಟು ವರ್ಷ ಆಯ್ತು. ನಿಮ್ಮ ಲೆಕ್ಕದಲ್ಲಿ ನಾನು ನಿಮ್ಮ ಕುಲದವಳಾಗಿ ಬರಿಸ್ಕೊಂಡೆ.

ತಂಗವೇಲು: ಅದು ಹಳೇದು. ಒಳಗೇ ಇತ್ತು.

ಕಲೈಸೆಲ್ವಿ: ನಮ್ಮವ್ವನಿಗೆ ಮಾತ್ರ ಒಳಗಿರಲಿಲ್ವಾ?

ತಂಗವೇಲು: ನಮ್ಮ ಮನೇಲಿ ಇರೋ ತನಕ ಅವಳಿಗೆ ಒಂದು ಶೀತ ಕೂಡ ಆಗಿದ್ದಿಲ್ಲ!

ಅಪೂರ್ವ: ನಿಮ್ಮ ತಾಯಿಯವರು ಹೇಗೆ ಹೋದರು ಸಾರ್?

ತಂಗವೇಲು: ಅಂಗಮ್ಮನಾ? ಪಾಪ, ಹೊಟ್ಟೆ ತುಂಬ ನೀರು ತುಂಬ್ಕೊಂಡು ಹೋದಳು. ಐವತ್ತೂ ತುಂಬಿರಲಿಲ್ಲ. ಯಾರೋ ಮದ್ದು ಹಾಕಿದ್ರು ಅಂತ ಮಾತು.

ಅಪೂರ್ವ: ಅದು ಅಂಡಾಶಯದ ಕ್ಯಾನ್ಸರ್ ಇದ್ದಿರಬಹುದು. ಇದೇ ಜೀನ್ ಕೆಟ್ಟಿದ್ದರೆ ಅದೂ ಬರುತ್ತೆ.

ತಂಗವೇಲು: ಬಂದ್ರೆ ಬರಲಿ! ನಮ್ಮವ್ವ ಕುನ್ನತ್ತೂರು ಕಡೆಯಿಂದ ಬಂದವಳು. ಅವಳು ಹುಟ್ಟಿದ ಕುಲವೇ ಬೇರೆ.

ಕಲೈಸೆಲ್ವಿ: ಅಂದ್ರೆ ಒಳಗೆ ಬಂದವಳು ಸತ್ರೆ ತವರಿನ ಕಾಯಿಲೆ, ಹೊರಗೆ ಹೋದವಳು ಸತ್ರೆ ಗಂಡನ ಮನೆ ಕಾಯಿಲೆ. ಗೋಡೆ ಮೇಲೆ ಮಾಲೆ ಹಾಕಿಸ್ಕೊಂಡಿರೋ ಫೋಟೋ ಎಲ್ಲಾ ಹೆಂಗಸರದ್ದೇ. ಆದ್ರೂ ನಿಮ್ಮ ಕುಲದಲ್ಲಿ ಒಬ್ಬರಿಗೂ ಕಾಯಿಲೆ ಇಲ್ಲ. ಸತ್ತವರೆಲ್ಲ ಹೊರಗಿನವರು!

ತಂಗವೇಲು: ಅದನ್ನೇ ತಾನೆ ಇಷ್ಟು ಹೊತ್ತಿಂದ ನಾನೂ ಹೇಳ್ತಿರೋದು.

ಅಪೂರ್ವ ಒಂದು ಉಸಿರು ಬಿಟ್ಟು ಮತ್ತೆ ಬರೆಯಲು ಕೂತಳು. ತಂಗವೇಲುವಿನ ಚೌಕಕ್ಕೂ ಕಲೈಸೆಲ್ವಿಯ ಸೊನ್ನೆಗೂ ನಡುವೆ ಒತ್ತಾಗಿ ಎರಡು ಗೆರೆ ಎಳೆದಳು. ತಂಗವೇಲು ಕತ್ತು ಚಾಚಿ ನೋಡಿದ. ಅಪ್ಪ-ಅವ್ವನ ನಡುವೆ ಇದ್ದದ್ದು ಒಂದೇ ಗೆರೆ. ತನಗೆ ಎರಡು. ಅವನ ಮುಖ ಸ್ವಲ್ಪ ಅರಳಿತು.

ತಂಗವೇಲು: ನಮಗೆ ಮಾತ್ರ ಎರಡಾ? ಸಂಬಂಧ ಗಟ್ಟಿ ಅಂತಾನಾ?

ಅಪೂರ್ವ: ರಕ್ತಸಂಬಂಧದಲ್ಲಿ ಮದುವೆ ಅಂತ ಸಾರ್. ಅಕ್ಕನ ಮಗಳನ್ನೇ ಮಾಡಿಕೊಂಡಿದ್ದೀರಲ್ಲ. ಇವರಿಗೆ ತಾಯಿಯಿಂದ ಬಂದಿದೆ, ತಾಯಿಗೆ ಅಜ್ಜಿಯಿಂದ ಬಂದಿರೋ ಹಾಗಿದೆ. ಆ ಅಜ್ಜಿ ನಿಮ್ಮನ್ನೂ ಹೆತ್ತವರು.

ತಂಗವೇಲು: ನಾನು ಆಂಬಿಳೆ ಅಮ್ಮಣಿ!

ಅಪೂರ್ವ: ಜೀನ್ ಅದನ್ನ ನೋಡಲ್ಲ ಸಾರ್. ಗಂಡಸರಿಗೂ ಬರುತ್ತೆ, ಗಂಡಸರಿಂದ ಮಕ್ಕಳಿಗೂ ಹೋಗುತ್ತೆ. ನಿಮ್ಮಲ್ಲೂ ಇದ್ದರೆ ನಿತ್ಯಾಗೆ ಎರಡೂ ಕಡೆಯಿಂದ ಬರೋ ದಾರಿ ಇದೆ. ಅವಳಿಗೆ ನೋಡಿರೋ ಹುಡುಗ ಯಾರು?

ತಂಗವೇಲು: ಕಾರ್ತಿಕೇಯನ್. ನನ್ನ ತಂಗಿ ಲಕ್ಷ್ಮಿಯಮ್ಮಾಳ್ ಮಗ. ನಿತ್ಯಾಗೆ ಅತ್ತೆ ಮಗ. ಬಂಗಾರದಂಥ ಮಾಪ್ಳೆ.

ಕಲೈಸೆಲ್ವಿ: ಮಾಮನೂ ಆಗ್ಬೇಕು. ನನಗೆ ಚಿಕ್ಕವ್ವನ ಮಗ, ಅಂದ್ರೆ ತಮ್ಮ.

ಗೆರೆ ಎಳೆಯಲು ಹೋದ ಅಪೂರ್ವಳ ಪೆನ್ನು ಕಾಗದದ ಮೇಲೆ ಅಲ್ಲೇ ನಿಂತಿತು. ಎಲ್ಲಿಂದ ಎಲ್ಲಿಗೆ ಎಳೆದರೂ ಇನ್ನೊಂದು ಗೆರೆಯನ್ನು ದಾಟಬೇಕಾಗಿತ್ತು.

ತಂಗವೇಲು: ಹತ್ತಕ್ಕೆ ಒಂಬತ್ತು ಹೊಂದಿಕೆ ಐತೆ ಜಾತಕದಲ್ಲಿ. ಕುಜ ದೋಷ ಒಂದಿತ್ತು, ಅದನ್ನೂ ನಾವೇ ಹೋಗಿ ಹೇಳಿ, ಪೂಜೆ ಮಾಡಿಸಿ ಕಳೆದ್ವಿ. ನಮ್ಮಲ್ಲಿ ಮುಚ್ಚುಮರೆ ಇಲ್ಲ.

ಕಲೈಸೆಲ್ವಿ: ಆಕಾಶದಲ್ಲಿ ಇರೋ ದೋಷ ಊರಿಗೆಲ್ಲ ಹೇಳ್ತೀರಿ. ಮೈಯೊಳಗೆ ಇರೋದು ಹೇಳು ಅಂದ್ರೆ ಕುಲ ಅಡ್ಡ ಬರ್ತದೆ.

ತಂಗವೇಲು: ಜೋಸ್ಯರು ಪರಿಹಾರ ಹೇಳ್ತಾರೆ. ಇವರು ಬರೀ ಹೆದರಿಸ್ತಾರೆ. ಬರ್ತದೆ ಅಂತಾರಾ? ಇಲ್ಲ. ಬರಲ್ಲ ಅಂತಾರಾ? ಅದೂ ಇಲ್ಲ.

ಅಪೂರ್ವ: ಪರಿಹಾರ ನಮ್ಮಲ್ಲೂ ಇದೆ ಸಾರ್. ಈ ಜೀನ್ ಕೆಟ್ಟಿರೋ ನೂರು ಹೆಂಗಸರಲ್ಲಿ ಅರವತ್ತು ಎಪ್ಪತ್ತು ಜನಕ್ಕೆ ಒಂದಲ್ಲ ಒಂದು ದಿನ ಎದೆಯ ಕ್ಯಾನ್ಸರ್ ಬರಬಹುದು. ಮೊದಲೇ ಗೊತ್ತಿದ್ದರೆ ವರ್ಷ ವರ್ಷ ಸ್ಕ್ಯಾನ್ ಮಾಡಿ, ಸಣ್ಣದಿರುವಾಗಲೇ ಹಿಡೀಬಹುದು. ಬರದ ಹಾಗೆ ಮಾಡೋಕೂ ದಾರಿಗಳಿವೆ.

ತಂಗವೇಲು: ಮಿಕ್ಕ ಮೂವತ್ತು ಜನಕ್ಕೆ ಬರಲ್ಲ ಅಲ್ವಾ? ಮುಗೀತು. ನಮ್ಮ ನಿತ್ಯಾ ಆ ಮೂವತ್ತರಲ್ಲಿ.

ಕಲೈಸೆಲ್ವಿ: ಸೀಟು ಬುಕ್ ಮಾಡಿಸಿದ್ದೀರಾ?

ತಂಗವೇಲು: ಹೂಂ, ಮಾಡಿಸಿದೀನಿ!

ಅವನು ಜೇಬಿನಿಂದ ಫೋನು ತೆಗೆದು, ತುರುಪಿನ ಎಲೆ ಎಸೆಯುವವನ ಠೀವಿಯಲ್ಲಿ ಮೇಜಿನ ಮೇಲಿಟ್ಟ. ಪರದೆಯ ತುಂಬ ಹಸಿರು. ಮೇಲೆ ನಿತ್ಯಾಳ ಹೆಸರು, ಪಕ್ಕದಲ್ಲಿ ಹಲ್ಲು ಕಿರಿಯುವ ಒಂದು ಸೂರ್ಯಕಾಂತಿ.

ತಂಗವೇಲು: ಸೂಲೂರಿನ ಧನಪಾಲ್ ಅಂತ ನಮ್ಮ ಏಜೆಂಟು, ಅವನೇ ಟೆಸ್ಟಿನ ಕಿಟ್ಟು ಮನೆಗೆ ತಂದುಕೊಟ್ಟ. ಸೂಜಿ ಇಲ್ಲ, ರಕ್ತ ಇಲ್ಲ. ಒಂದು ಕೊಳವೆಗೆ ಉಗಿದು ಕೊಟ್ರೆ ಸಾಕು. ನಿಮ್ಮದು ಹಳೇ ಕಾಲದ ಜೀನು. ಇದು ಅದರ ಮೇಲಿನದ್ದು. ಎಪಿ... ಎಪಿ ಏನೋ. ನೋಡಿ, ಕ್ಯಾನ್ಸರ್ ಅಪಾಯ ಕಮ್ಮಿ ಅಂತ ಹಸಿರಲ್ಲಿ ಹಾಕಿದ್ದಾರೆ.

ಅಪೂರ್ವ: ಎಪಿಜೆನೆಟಿಕ್ಸ್. ಜೀನ್ ಅಂದರೆ ಅಪ್ಪ ಅಮ್ಮ ಕೊಟ್ಟ ನೂಲು ಅಂದುಕೊಳ್ಳಿ ಸಾರ್. ಬದುಕ್ತಾ ಬದುಕ್ತಾ ಅದರ ಮೇಲೆ ಸಣ್ಣ ಸಣ್ಣ ಗುರುತು ಬೀಳುತ್ತೆ. ವಯಸ್ಸು, ಹೊಗೆ, ಕುಡಿತ, ಇನ್ನೂ ಏನೇನೋ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನೋದು ಆ ಗುರುತುಗಳ ಮೇಲೂ ನಿಂತಿದೆ. ಅದನ್ನ ಓದಿ ಕ್ಯಾನ್ಸರ್ ಮುಂಚೆಯೇ ಹೇಳೋದು ಹೇಗೆ ಅಂತ ಇನ್ನೂ ಸಂಶೋಧನೆ ನಡೀತಿದೆ. ಅಷ್ಟರಲ್ಲೇ ಇವರು ಮಾರೋಕೆ ಶುರು ಮಾಡಿದ್ದಾರೆ. ನಮಗೆ ಬೇಕಾದ ಜೀನನ್ನ ಇದರಲ್ಲಿ ನೋಡೇ ಇಲ್ಲ.

ಕಲೈಸೆಲ್ವಿ: ಹಾಗಾದ್ರೆ ಕುಡಿಯೋ ನೀರಿನ ಗುರುತೂ ಬೀಳ್ತದಾ ಅಮ್ಮಣಿ? ನಮ್ಮ ಬೋರಿನಲ್ಲಿ ಬಟ್ಟೆಗೆ ಬಣ್ಣ ಹಾಕೋ ಫ್ಯಾಕ್ಟರಿಯ ನೀರು ಸೇರ್ಕೊಂಡು, ಒಂದು ವಾರ ನೀಲಿ ಬಂದ್ರೆ ಒಂದು ವಾರ ಕೆಂಪು ಬರೋದು. ಕಂಪನಿ ಅಂಗಿಗೆ ಯಾವ ಬಣ್ಣ ಹಾಕ್ತಿದೆ ಅಂತ ನಮಗೆ ಕೊಡದಲ್ಲೇ ಗೊತ್ತಾಗ್ತಿತ್ತು.

ಅಪೂರ್ವ: ಬೀಳಬಹುದು ಅಮ್ಮ. ಆದರೆ ನಿಮಗೆ ಅದರಿಂದಲೇ ಬಂತು ಅಂತ ನಾನು ಹೇಳೋಕಾಗಲ್ಲ.

ಕಲೈಸೆಲ್ವಿ: ಇರಲಿ. ನನ್ನ ರಕ್ತ ಎಷ್ಟೆಲ್ಲ ಸಲ ನೋಡಿದ್ರಿ. ಆ ನೀರನ್ನ ಒಂದು ಸಲ ಯಾರಾದ್ರೂ ನೋಡಿದ್ರಾ?

ಆ ಪ್ರಶ್ನೆಗೆ ಉತ್ತರ ಹೇಳುವ ಕೋಣೆ ಆ ಆಸ್ಪತ್ರೆಯಲ್ಲಿರಲಿಲ್ಲ. ಬೇರೆ ಎಲ್ಲಿಯೂ ಇದ್ದಂತಿರಲಿಲ್ಲ. ಅಪೂರ್ವ ತಲೆ ತಗ್ಗಿಸಿ ಫೋನಿನ ಹಸಿರು ಪರದೆಯನ್ನು ಕೆಳಕ್ಕೆ ಸರಿಸಿದಳು. ಸರಿಸುತ್ತ ಹೋದ ಬೆರಳು ಒಂದು ಕಡೆ ನಿಂತಿತು.

ಅಪೂರ್ವ: ನಿತ್ಯಾಗೆ ಇಪ್ಪತ್ತಾರು ಅಲ್ವಾ? ದೇಹದ ವಯಸ್ಸು ಅರವತ್ತೊಂದು ಅಂತ ಹಾಕಿದ್ದಾರೆ.

ತಂಗವೇಲು: ಹುಡುಗಿಗೆ ಬುದ್ಧಿ ಜಾಸ್ತಿ.

ಅಪೂರ್ವ: ದಿನಾ ಹೊಗೆ ಸೇದುವವರ ಗುರುತುಗಳಿವೆ ಅಂತಾನೂ ಇದೆ.

ಕಲೈಸೆಲ್ವಿ: (ಕುರ್ಚಿಯಿಂದ ಎದ್ದು) ಅಯ್ಯೋ ನನ್ನ ಮುರುಗಾ! ನಮ್ಮ ನಿತ್ಯಾ ಸಿಗರೇಟು ಸೇದ್ತಾಳಾ? ರಾತ್ರಿ ಪಾಳಿ, ರಾತ್ರಿ ಪಾಳಿ ಅಂತ ಇದಕ್ಕೇನಾ ಹೋಗ್ತಿದ್ದಿದ್ದು?

ಅಪೂರ್ವ: ಕೂತ್ಕೊಳ್ಳಿ ಅಮ್ಮ. ಸಾರ್, ಕೊಳವೆಗೆ ಉಗಿದವರು ಯಾರು?

ತಂಗವೇಲು ಕಿಟಕಿಯ ಹೊರಗೆ ನೋಡಿದ. ಹೊರಗೆ ಗೋಡೆ ಬಿಟ್ಟು ಬೇರೇನೂ ಇರಲಿಲ್ಲ. ಅವನು ಗೋಡೆಯನ್ನೇ ನೋಡಿದ.

ಕಲೈಸೆಲ್ವಿ: ಮಾಮ.

ತಂಗವೇಲು: ನಿತ್ಯಾ ಉಗಿಯಲ್ಲ ಅಂದಳು. ಕಿಟ್ಟಿಗೆ ದುಡ್ಡು ಕೊಟ್ಟಾಗಿತ್ತು. ವೇಸ್ಟ್ ಯಾಕೆ ಅಂತ...

ಕಲೈಸೆಲ್ವಿ: ಸಿಗರೇಟು ಬಿಟ್ಟೆ ಅಂತ ಪಳನಿಯಲ್ಲಿ ಮುಡಿ ಕೊಟ್ರಲ್ಲ! ಬೋಳು ತಲೆಗೆ ನಾನೇ ಗಂಧ ಹಚ್ಚಿದೆನಲ್ಲ! ನಿಮ್ಮ ಮಾತಿಗಿಂತ ನಿಮ್ಮ ಎಂಜಲೇ ವಾಸಿ, ನಿಜ ಹೇಳ್ತದೆ.

ತಂಗವೇಲು: ಅದು ಬ್ಯಾರೆ ಸಮಾಚಾರ. ನಾನು ಕೊಟ್ರೇನು, ಮಗಳು ಕೊಟ್ರೇನು? ಅಪ್ಪ ಮಗಳು ಅಂದ್ಮೇಲೆ ಒಂದೇ ರಕ್ತ ತಾನೆ?

ತಾನು ಏನು ಹೇಳಿದೆ ಎನ್ನುವುದು ಹೊಳೆದದ್ದೇ ಅವನು ಫೋನನ್ನು ಮೆಲ್ಲಗೆ ಜೇಬಿಗೆ ಸೇರಿಸಿದ.

ಅಪೂರ್ವ: ಅದನ್ನೇ ನಾನೂ ಹೇಳ್ತಿರೋದು ಸಾರ್. ನೀವೂ ಒಂದು ಸಲ ರಕ್ತ ಕೊಡಿ. ನಿಮ್ಮ ತಂಗಿಯವರಿಗೂ ಹೇಳಲೇಬೇಕು. ಅವರಿಗೂ ಅದೇ ತಾಯಿ. ಅವರಲ್ಲೂ ಇದ್ದರೆ ನಿತ್ಯಾ ಜೊತೆ ಹುಡುಗನನ್ನೂ ನೋಡಿಸೋದು ಒಳ್ಳೇದು. ಮುಂದೆ ಅವರಿಗೆ ಹುಟ್ಟೋ ಮಕ್ಕಳ ಪ್ರಶ್ನೆಯೂ ಇದೆ.

ತಂಗವೇಲು: ಲಕ್ಷ್ಮಿಗಾ? ಬ್ಯಾಡವೇ ಬ್ಯಾಡ! ಗೊತ್ತಾದ್ರೆ ಹೆಣ್ಣು ಬ್ಯಾಡ ಅಂತಾಳೆ. ಇವಳಿಗೆ ಆಪರೇಶನ್ ಆಗಿದ್ದು ಅವಳಿಗೆ ಗೊತ್ತು. ಅದು ಅಂಟಿಕೊಂಡು ಬರೋ ಜಾತಿ ಅಂತ ಗೊತ್ತಿಲ್ಲ. ಶುಕ್ರವಾರ ತಾಂಬೂಲ ಆಗಲಿ. ಕಲ್ಯಾಣ ಆಗಲಿ. ಒಂದು ಮಗು ಆಗಲಿ. ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು.

ಕಲೈಸೆಲ್ವಿ: ಅಷ್ಟರೊಳಗೆ ಚಿಕ್ಕವ್ವ ಗೋಡೆಗೆ ಏರಿದ್ರೆ?

ಅವ್ವ ಸತ್ತ ಮೇಲೆ ಕಲೈಸೆಲ್ವಿಗೆ ಜಡೆ ಹಾಕಿದವಳು, ಮೈನೆರೆದಾಗ ಪಕ್ಕದಲ್ಲಿ ಮಲಗಿದವಳು ಲಕ್ಷ್ಮಿಯಮ್ಮಾಳ್. ಅವಳೇ ತನ್ನ ಬಂಗಾರದಂಥ ಮಗನನ್ನೂ ಕೊಡುತ್ತಿದ್ದಳು. ಅಂಥವಳಿಂದ ಪ್ರಾಣದ ಮಾತನ್ನು ಬಚ್ಚಿಟ್ಟು ತಾಂಬೂಲ ಬದಲಾಯಿಸುವುದು ಕಲೈಸೆಲ್ವಿಯಿಂದ ಆಗದ ಕೆಲಸ. ಅವಳು ಕೈಚೀಲದಿಂದ ತನ್ನ ಫೋನು ತೆಗೆದಳು. ತಂಗವೇಲು ಕಸಿದುಕೊಳ್ಳಲು ಬಂದಾಗ, ಅದನ್ನು ಅಪೂರ್ವಳ ಕಡೆ ಸರಿಸಿ ಸ್ಪೀಕರು ಒತ್ತಿದಳು.

ಕಲೈಸೆಲ್ವಿ: ಚಿಕ್ಕವ್ವಾ, ನಾನು. ಆಸ್ಪತ್ರೆಯಿಂದ ಮಾತಾಡ್ತಿದೀನಿ. ಅವ್ವನಿಗೆ ಬಂದಿದ್ದು ನನಗೂ ಬಂತಲ್ಲ, ಅದು ಹುಟ್ಟಿನಿಂದಲೇ ಬರೋದಂತೆ. ಅಂಗಮ್ಮಜ್ಜಿಯಿಂದಲೇ ಬಂದಿರೋ ಹಾಗಿದೆ. ನಿತ್ಯಾಗೂ ಇರಬಹುದು. ನಿನಗೂ ಇರಬಹುದು. ಶುಕ್ರವಾರದೊಳಗೆ ನಿನಗೆ ಗೊತ್ತಾಗಲಿ ಅಂತ ಹೇಳ್ತಿದೀನಿ. ಹೆಣ್ಣು ಬ್ಯಾಡ ಅಂದ್ರೂ ಚಿಂತೆ ಇಲ್ಲ, ನೀನು ಒಂದು ಸಲ ನೋಡಿಸ್ಕೋ.

ಆ ಕಡೆಯಿಂದ ಕೋಳಿಗಳನ್ನು ಓಡಿಸಿ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

ಲಕ್ಷ್ಮಿಯಮ್ಮಾಳ್: ಅಣ್ಣ ಪಕ್ಕದಲ್ಲಿದಾನಾ?

ತಂಗವೇಲು ಎರಡೂ ಕೈ, ತಲೆ, ಸಾಧ್ಯವಾದಷ್ಟೂ ಮೈ ಆಡಿಸಿದ.

ಕಲೈಸೆಲ್ವಿ: ಇಲ್ಲಾಂತ ಹೇಳು ಅಂತಿದಾರೆ.

ಲಕ್ಷ್ಮಿಯಮ್ಮಾಳ್: ಇರಲಿ, ಕೇಳಲಿ. ಎಷ್ಟು ದಿನ ಅಂತ ಹೊಟ್ಟೇಲಿ ಇಟ್ಕೊಳ್ಳಲಿ. ಪಂಗುನಿ ತಿಂಗಳಲ್ಲಿ ನಾನು ಈರೋಡಿಗೆ ಕಣ್ಣಿನ ಆಪರೇಶನ್‌ಗೆ ಹೋಗಿದ್ದೆನಲ್ಲ ಮಗಳೇ...

ಕಲೈಸೆಲ್ವಿ: ಹೂಂ, ನಾವೆಲ್ಲ ಬಂದು ನೋಡಿದ್ವಲ್ಲ. ಕಪ್ಪು ಕನ್ನಡಕ ಹಾಕ್ಕೊಂಡಿದ್ದೆ.

ಲಕ್ಷ್ಮಿಯಮ್ಮಾಳ್: ಕಣ್ಣಿಗೆ ಏನೂ ಆಗಿರಲಿಲ್ಲ. ಎದೇಲಿ ಗಂಟಿತ್ತು, ತೆಗೆಸ್ದೆ. ಅದೇ ಕಾಯಿಲೆ. ಗೊತ್ತಾದ್ರೆ ಅಣ್ಣ ಹೆಣ್ಣು ಕೊಡಲ್ಲ ಅಂತ ಕಾರ್ತಿಕೇಯನ್‌ಗೂ ನಿಜ ಹೇಳಲಿಲ್ಲ. ಒಂದು ತಿಂಗಳು ಆ ಹಾಳು ಕನ್ನಡಕ ಹಾಕ್ಕೊಂಡು, ಕಂಡ ಕಡೆಯೆಲ್ಲ ಎಡವಿ, ಒಂದು ಸಲ ಹಟ್ಟಿಯ ಮೆಟ್ಟಲಿಂದ ಬಿದ್ದೂ ಬಿಟ್ಟೆ. ಅಣ್ಣ ಬೇರೆ ಬಂದಾಗಲೆಲ್ಲ ಬಲವಂತವಾಗಿ ಕಣ್ಣಿಗೆ ಮದ್ದು ಬಿಡ್ತಿದ್ದ. ಈಗ ನಿಜವಾಗ್ಲೂ ಕಣ್ಣು ಉರೀತದೆ.

ಕಲೈಸೆಲ್ವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ನಾಳೆಯೇ ಇಲ್ಲಿಗೆ ಬಾ, ಇಲ್ಲಿ ಕನ್ನಡದ ಹುಡುಗಿ ಇದ್ದಾಳೆ, ಎಲ್ಲ ತಿಳಿಸಿ ಹೇಳುತ್ತಾಳೆ, ಕಾರ್ತಿಕೇಯನ್‌ನನ್ನೂ ಕರೆದುಕೊಂಡು ಬಾ ಎಂದು ಹೇಳಿ ಫೋನು ಇಟ್ಟಳು. ಕಣ್ಣೊರೆಸಿಕೊಂಡು ಪಕ್ಕಕ್ಕೆ ನೋಡಿದರೆ ತಂಗವೇಲು ಸಿಟ್ಟಿನಿಂದ ನಡುಗುತ್ತಿದ್ದ.

ತಂಗವೇಲು: ಕೇಳಿದ್ಯಾ? ಕೇಳಿದ್ರಾ ಅಮ್ಮಣಿ? ಇಂಥ ದೊಡ್ಡ ಕಾಯಿಲೆ ಇಟ್ಕೊಂಡು, ಹೆಣ್ಣು ಕೊಡೋ ಮನೆಗೆ ಒಂದು ಮಾತು ಹೇಳದೆ ಮುಚ್ಚಿಟ್ಟಿದಾಳೆ! ಕಲ್ಯಾಣ ಆಗಿಬಿಟ್ಟಿದ್ರೆ ನಮ್ಮ ಹುಡುಗಿ ಗತಿ ಏನು? ಒಡಹುಟ್ಟಿದವಳೇ ಹಿಂಗೆ ಮಾಡಿದ್ರೆ ಯಾರನ್ನ ನಂಬೋದು? ಎಲ್ಲಿಂದ ಬಂತು ಇವಳಿಗೆ ಈ ಬುದ್ಧಿ?

ಅಪೂರ್ವ ತುಟಿ ಕಚ್ಚಿಕೊಂಡು ಕಾಗದದ ಮೇಲೆ ಬಾಗಿದಳು. ಇನ್ನೊಂದು ಸೊನ್ನೆಗೆ ಕಪ್ಪು ತುಂಬಬೇಕಾಗಿತ್ತು. ಕಲೈಸೆಲ್ವಿ ಗಂಡನ ಅಂಗಿಯ ತೋಳಿನ ಗುಂಡಿ ಬಿಚ್ಚಿ, ಮೊಣಕೈವರೆಗೆ ಮಡಚಿ, ಆ ಕೈಯನ್ನು ಮೇಜಿನ ಮೇಲೆ ಇಟ್ಟಳು.

ಕಲೈಸೆಲ್ವಿ: ಕಾಯಿಲೆ ಯಾರದು ಅಂತ ಇವರು ರಕ್ತ ನೋಡಿ ಹೇಳ್ತಾರೆ ಮಾಮ. ಆ ಬುದ್ಧಿ ಮಾತ್ರ ನಿಮ್ಮ ಕುಲದ್ದೇ. ಅದಕ್ಕೆ ಯಾವ ಟೆಸ್ಟೂ ಬ್ಯಾಡ.